ಹಾವುರಾಣಿಗೆ ಬೆರಳು ಕೊಟ್ಟವರು

ಪಕ್ಕದ ಮನೆಯ ಮೇಷ್ಟ್ರ ಬಲಗೈ ಬೆರಳುಗಳ ತುದಿ ಅಂಟುವಾಳದ ಸಿಪ್ಪೆಯ ಹಾಗೆ ಸುಕ್ಕುಗಟ್ಟಿರುತ್ತಿತ್ತು. ಹತ್ತಿರ ಬಂದರೆ ಆಸ್ಪತ್ರೆಯ ವಾಸನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಒಂಟಿ ಮನುಷ್ಯ. ಐವತ್ತರ ದಶಕದ ಕೊನೆಯಲ್ಲಿ ನಾವು ಬಸವನಗುಡಿಯಿಂದ ಜಯನಗರಕ್ಕೆ ಬಂದಾಗ ಆ ಸಾಲಿನಲ್ಲಿ ಇದ್ದದ್ದು ಎರಡೇ ಮನೆ, ನಮ್ಮದು ಮತ್ತು ಅವರದು. ಸುತ್ತ ಖಾಲಿ ಸೈಟು, ಲಾಂಟಾನದ ಪೊದೆ. ಅಲ್ಲಿ ಅವರು ಕುಕ್ಕರುಗಾಲಲ್ಲಿ ಕೂತು ಕಲ್ಲು ಮಗುಚುತ್ತಿರುತ್ತಿದ್ದರು.

"ನಿಧಿ ಹುಡುಕ್ತಾನೋ, ಮಾಟ ಹೂಳ್ತಾನೋ, ಯಾರಿಗ್ ಗೊತ್ತು?" ಎನ್ನುತ್ತಿದ್ದರು ನಮ್ಮತ್ತೆ. ಮೇಷ್ಟ್ರು ಅತ್ತ ಹೋದ ಮೇಲೆ ಗೋಸುಂಬೆ ಎಂದು ಬೈಯುತ್ತಿದ್ದರು. ನಾನೇನು ಕಡಿಮೆ? ಅವರ ಕಿಟಕಿಯ ಗಾಜಿನ ಭರಣಿಯಲ್ಲಿ ಅದೇ ಆಸ್ಪತ್ರೆ ವಾಸನೆಯ ದ್ರಾವಣದಲ್ಲಿ ಮುಳುಗಿಸಿಟ್ಟ, ಗಂಟುಗಂಟು ಮೈಯ, ನಾಲ್ಕು ಕಾಲಿನ ಸತ್ತ ಕಪ್ಪು ಜಂತುವೊಂದಿತ್ತು. ಒಮ್ಮೆ ಧೈರ್ಯ ಮಾಡಿ, "ಅದೇನ್ ಸಾರ್, ಹಲ್ಲೀನಾ?" ಎಂದು ಕೇಳಿದೆ.

"ಸಾಲಮಾಂಡರ್ ಅಂತಾರಮ್ಮ, ಡಾರ್ಜಿಲಿಂಗ್ ಕಡೇದು. ನೋಡೋಕೆ ಹಲ್ಲಿ, ಕುಲ ಕಪ್ಪೇದು. ನಮ್ ಕಡೆ ಇಲ್ಲ, ಅದಕ್ಕೇ ಕನ್ನಡದಲ್ಲಿ ಹೆಸರೂ ಇಲ್ಲ. ಯೂರೋಪಿನಲ್ಲಿ ಈ ಜಾತಿ ಬೆಂಕೀಲಿ ಹುಟ್ಟುತ್ತೆ, ಮರ ಹತ್ತಿದ್ರೆ ಹಣ್ಣೆಲ್ಲ ವಿಷ ಆಗುತ್ತೆ ಅಂತ ನಂಬಿದ್ರಂತೆ. ಪಾಪ, ಒದ್ದೆ ಎಲೆ ಕೆಳಗೆ ಹುಳ ತಿನ್ಕೊಂಡಿರೋ ಪ್ರಾಣಿ."

ನನ್ನ ಕಿವಿಯಲ್ಲಿ ಉಳಿದದ್ದು ವಿಷ ಎಂಬ ಮಾತೊಂದೇ. ಮಾರನೆಯ ದಿನ ಅವರು ಮಗುವಿಗೆಂದು ಕೊಟ್ಟ ಸೀಬೆಹಣ್ಣನ್ನು ಪೊದೆಗೆ ಎಸೆದೆ.

ಒಂದು ಬೆಳಿಗ್ಗೆ ಎರಡು ವರ್ಷದ ಮಗಳು ಒಗೆಯುವ ಕಲ್ಲಿನ ಹತ್ತಿರ ಕಿರುಚಿದಳು. ಮುಷ್ಟಿಯಲ್ಲಿ ಹಾವುರಾಣಿಯ ಬಾಲ, ಇನ್ನೂ ಹೊರಳಾಡುತ್ತಿತ್ತು. ತೋರುಬೆರಳಿನಲ್ಲಿ ಒಂದು ಹನಿ ರಕ್ತ. ಹಾವಿನಂತೆ ಮಿನುಗುವ ಆ ಹಲ್ಲಿ ಕಚ್ಚಿದರೆ ನೀರು ಕೇಳಲೂ ಪುರಸೊತ್ತಿಲ್ಲ ಎಂದು ನಂಬಿದ್ದವರು ನಾವು. ಅತ್ತೆ ನನ್ನ ಗಂಡನ ಕ್ಷೌರದ ಬ್ಲೇಡು ತಂದರು. "ಬೆರಳು ಹಿಡ್ಕೊಳೇ, ಕೊಯ್ದು ರಕ್ತ ಹರಿಸ್ಬೇಕು!" ನಾನು ಹಿಡಿದುಕೊಂಡೆ.

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಕಾಂಪೌಂಡು ಹತ್ತಿ ಇಳಿದರು. "ಅಮ್ಮಾ, ನಿಲ್ಲಿಸಿ! ಅದಕ್ಕೆ ವಿಷ ಇಲ್ಲ."

"ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ!" ಎಂದರು ಅತ್ತೆ, ಮುಖಕ್ಕೆ ಹೊಡೆದ ಹಾಗೆ.

ಮೇಷ್ಟ್ರು ಕಲ್ಲಿನ ಸಂದಿಗೆ ಕೈ ಹಾಕಿ, ಬಾಲವಿಲ್ಲದ ಹಾವುರಾಣಿಯನ್ನು ಹಿಡಿದು, ಅದರ ಬಾಯಿಗೆ ತಮ್ಮ ಕಿರುಬೆರಳು ಕೊಟ್ಟರು. ಅದು ಕಚ್ಚಿತು. "ಈಗ ನನಗೂ ಕಚ್ಚಿದೆ. ಇಲ್ಲೇ ಕೂತಿರ್ತೀನಿ. ನಾನು ಸತ್ರೆ ಆಮೇಲೆ ಮಗೂಗೆ ಬ್ಲೇಡ್ ಹಾಕಿ."

"ಅಷ್ಟರಲ್ಲಿ ಮಗು ಹೋದ್ರೆ?" ಎಂದರು ಅತ್ತೆ.

"ಮುದುಕ ನಾನು. ನಾನೇ ಮೊದಲು ಹೋಗ್ತೀನಿ ಬಿಡಿ."

ಜಗಲಿಯ ಮೇಲೆ ಕೂತರು. ಅತ್ತೆ ಬ್ಲೇಡು ಕೆಳಗಿಡದೆ, ಅವರ ತುಟಿ ನೀಲಿಯಾಗುತ್ತದೆಯೇ ಎಂದು ನೋಡುತ್ತಿದ್ದರು. ನಾನೂ ಅಷ್ಟೇ. ಇವರೇ ಸಾಕಿ ಬಿಟ್ಟಿರಬೇಕು, ಇವರಿಗೆ ವಿಷ ಒಗ್ಗಿಹೋಗಿರಬೇಕು ಎಂದೂ ಯೋಚಿಸಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಮಗಳು ಅವರ ತೊಡೆ ಹತ್ತಿ ಬಾಲ ಬೇಕೆಂದು ಹಟ ಹಿಡಿದಿದ್ದಳು.

"ಕಾಫಿ ಸಿಗುತ್ತಾಮ್ಮ?" ಎಂದರು ಮೇಷ್ಟ್ರು. ಅದು ನಮ್ಮ ಮನೆಯಲ್ಲಿ ಅವರಿಗೆ ಸಿಕ್ಕ ಮೊದಲ ಕಾಫಿ. ಅತ್ತೆ ಅಡುಗೆಮನೆಗೆ ಬಂದು ಪಿಸುಗುಟ್ಟಿದರು: "ಸಕ್ಕರೆ ಜಾಸ್ತಿ ಹಾಕು. ಆದ್ರೂ ನಾಳೆವರೆಗೂ ಒಂದ್ ಕಣ್ಣಿಟ್ಟಿರು."

ಕೆಲವು ವರ್ಷಗಳ ನಂತರ ಮೇಷ್ಟ್ರು ಎದೆನೋವಿನಿಂದ ತೀರಿಕೊಂಡರು. "ಏನಾದ್ರೂ ಕಚ್ಚಿತ್ತಾ?" ಎಂದು ಅತ್ತೆ ಮೊದಲು ಕೇಳಿದರು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತರು. ಸೀಬೆಹಣ್ಣು ಎಸೆದದ್ದನ್ನು ನಾನು ಮೇಷ್ಟ್ರಿಗೆ ಹೇಳಿ ಕ್ಷಮೆ ಕೇಳಲೇ ಇಲ್ಲ.

ಮಗಳು ಊರಿಗೆ ಬಂದಾಗಲೆಲ್ಲ, ಅಂದು ಕೊಯ್ಯಲೆಂದು ಹಿಡಿದುಕೊಂಡಿದ್ದ ಆ ಬೆರಳನ್ನು ಏನೋ ನೆಪ ಮಾಡಿ ಹಿಡಿದು ನೋಡುತ್ತೇನೆ. ಒಂದು ಗೆರೆಯೂ ಇಲ್ಲ.