ಗೆಣ್ಣು ಕೆರೆದ ಬಿಲ್ಲು

‘ಆಗಿನ ಕಾಲವೇ ಚೆಂದಿತ್ತು’ ಎಂದು ಯಾರಾದರೂ ಮಾತು ಶುರು ಮಾಡಿದರೆ, ‘ಯಾವ ಕಾಲ? ಯಾರಿಗೆ ಚೆಂದಿತ್ತು?’ ಎಂದು ನಡುವೆ ಬಾಯಿ ಹಾಕುವವಳು ನಾನು. ಆದ್ದರಿಂದ ಮಹಾರಾಷ್ಟ್ರದ ಇಗತಪುರಿಯ ಆ ಚಳಿಗಾಲವನ್ನು ಚೆಂದದ ಕಾಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಗ ನನಗೆ ಹನ್ನೆರಡು ವರ್ಷ. ಬೆಳಗ್ಗೆ ಎಂಟಾದರೂ ಮಂಜು ಹರಿಯುತ್ತಿರಲಿಲ್ಲ. ಘಾಟಿನ ರೈಲುಗಳು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತಿದ್ದವು. ಸ್ಟೇಶನ್ನಿನಲ್ಲಿ ಕರಿಯುವ ವಡೆಯ ವಾಸನೆ ನಮ್ಮ ಕ್ವಾರ್ಟರ್ಸಿನ ಕಿಟಕಿಯವರೆಗೂ ಬರುತ್ತಿತ್ತು. ಇಷ್ಟು ಚೆಂದವಿತ್ತು, ಒಪ್ಪುತ್ತೇನೆ. ಉಳಿದದ್ದನ್ನು ಕೇಳಿ ನೀವೇ ಹೇಳಿ.

ಅಪ್ಪ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ನಮ್ಮ ಊರು ಬೀದರ ಜಿಲ್ಲೆಯ ಭಾಲ್ಕಿ ಕಡೆ. ಮನೆಯೊಳಗೆ ಕನ್ನಡ, ಬಾಗಿಲಾಚೆ ಮರಾಠಿ. ನನಗೆ ಕನ್ನಡ ಪೂರಾ ತಿಳಿಯುತ್ತಿತ್ತು, ಬಾಯಿಗೆ ಬರುವಾಗ ಮಾತ್ರ ಅರ್ಧ ಮರಾಠಿಯಾಗಿ ಬರುತ್ತಿತ್ತು. ಆ ವರ್ಷ ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ತಗಡಿನ ಶೆಡ್ಡುಗಳು ಎದ್ದವು. ರಸ್ತೆ ಅಗಲ ಮಾಡುವ ಕೆಲಸಕ್ಕೆ ಬಂದ ಮಂದಿ. ನಲ್ಲಿಯ ಹತ್ತಿರ ಅವರ ಮಾತು ಕಿವಿಗೆ ಬಿದ್ದದ್ದೇ ಅವ್ವ ಕೊಡ ಕೆಳಗಿಟ್ಟು, “ಯಾ ಊರವ್ವಾ ನಿಮ್ದು?” ಎಂದು ಕೇಳಿದಳು. ಸುರಪುರದ ಕಡೆಯವರು. ಸಂಜೆಗೆ ನಮ್ಮ ಮನೆಯ ಶೇಂಗಾ ಹಿಂಡಿ ಅವರ ಶೆಡ್ಡಿಗೆ ಹೋಯಿತು, ಅವರ ಪುಂಡಿಪಲ್ಯ ನಮ್ಮ ತಾಟಿಗೆ ಬಂತು. ವಾರದೊಳಗೆ ಅವರ ಹುಡುಗಿ ದುರ್ಗಿ ನಮ್ಮ ಮರಾಠಿ ಶಾಲೆಯಲ್ಲಿ ನನ್ನ ಬೆಂಚಿಗೇ ಬಂದು ಕೂತಳು. ಅದು ಅವಳ ಐದನೆಯ ಶಾಲೆ, ಐದೂ ಮರಾಠಿಯವೇ. ಅವರಪ್ಪನ ಕೆಲಸ ಎಲ್ಲಿಗೆ ಸರಿಯುತ್ತಿತ್ತೋ ಅವಳ ಶಾಲೆಯೂ ಅಲ್ಲಿಗೆ ಸರಿಯುತ್ತಿತ್ತು.

ದುರ್ಗಿಯ ಅಜ್ಜ ಹಣಮಂತಜ್ಜ. ಬೇಡರ ಮನೆತನ. ಹಗಲೆಲ್ಲ ಸಿಮೆಂಟಿನ ಚೀಲ ಕಾಯುವ ಕೆಲಸ, ಕಾಯುತ್ತಲೇ ಬಿದಿರಿನ ಬಿಲ್ಲು ಮಾಡುವ ಚಟ. ಮೊಮ್ಮಗಳ ಕೈಗೆ ಬಿಲ್ಲು ಕೊಟ್ಟವನೂ ಅವನೇ. ಅವಳು ಹುಲ್ಲು ತುಂಬಿದ ಗೋಣಿಚೀಲಕ್ಕೆ ಬಾಣ ಹೊಡೆಯುವುದನ್ನು ನಮ್ಮ ಆಟದ ಮೇಷ್ಟ್ರು ಒಂದು ದಿನ ಬೇಲಿಯಾಚೆ ನಿಂತು ನೋಡಿದರು. ಮರುದಿನವೇ ಹೆಸರು ಬರೆಸಿದರು. ಚಳಿಗಾಲದ ಕೊನೆಗೆ ಔರಂಗಾಬಾದಿನಲ್ಲಿ ನಾಡಬಿಲ್ಲಿನ, ಅಂದರೆ ಬಿದಿರು ಬಿಲ್ಲಿನ, ಆಯ್ಕೆಸ್ಪರ್ಧೆ ಇತ್ತು. ಅಲ್ಲಿ ಆರಿಸಿದ ಮಕ್ಕಳಿಗೆ ಹಾಸ್ಟೆಲ್ಲು, ಊಟ, ಹನ್ನೆರಡನೆಯವರೆಗೆ ಓದು. ದುರ್ಗಿಯ ಅವ್ವ ನಲ್ಲಿಯ ಹತ್ತಿರ ಇದನ್ನು ಎಲ್ಲರಿಗೂ ಹೇಳುತ್ತಿದ್ದಳು: “ಒಂದೇ ಸಾಲಿ, ಒಂದೇ ಕಡಿ. ನಮ್ ಹುಡುಗಿ ಒಂದೇ ಕಡಿ ಕೂಡ್ತಾಳ್ರೀ.”

ದೀಪಾವಳಿಗೆ ಮುಂಚೆ ಅಜ್ಜ ಬಿದಿರು ಕಡಿಯಲು ಹೊರಟ. ನಾವಿಬ್ಬರೂ ಬೆನ್ನು ಹತ್ತಿದೆವು.

“ಅಮಾಸಿ ಹತ್ರ ಬಂದಾಗೇ ಕಡೀಬೇಕವ್ವಾ,” ಎಂದ. “ಬೆಳದಿಂಗಳದಾಗ ಕಡದ್ರ ಹುಳ ಹತ್ತತಾವ.”

“ಹುಳಕ್ಕ ಕ್ಯಾಲೆಂಡರ್ ಓದಾಕ ಬರ್ತದೇನ್ರಿ ಅಜ್ಜಾ?” ಎಂದೆ.

ಅಜ್ಜ ಕೊಡಲಿ ಊರಿ ನಕ್ಕ. “ಈ ವಕೀಲವ್ವನ ಕೈಯಾಗ ಸಿಕ್ರ ಚಂದ್ರಾಮನೂ ಜಾಮೀನ್ ತಗೊಂಡೇ ಮುಗಿಲಿಗಿ ಬರಬೇಕು.”

ಅಂದಿನಿಂದ ನಾನು ವಕೀಲವ್ವ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಆ ವರ್ಷವೇ ಮೊದಲ ಬಹುಮಾನ ಬಂದಿತ್ತು. ತಲೆಯೊಳಗೆ ಗಾಳಿ ಹೊಕ್ಕಿತ್ತು. ಕಾರಣ ಹೇಳದ ಮಾತು ಮಾತೇ ಅಲ್ಲ ಎಂದು ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ನಂಬುತ್ತೇನೆ, ಅದೇ ತೊಡಕು.

ಬಿದಿರು ಎರಡು ತಿಂಗಳು ಒಲೆಯ ಮೇಲಿನ ಹೊಗೆಯಲ್ಲಿ ತೂಗಿತು. ಶೆಡ್ಡಿಗೆ ಹೋದರೆ ಸುಟ್ಟ ಬಿದಿರು, ರೊಟ್ಟಿ, ಶೇಂಗಾ ಎಣ್ಣೆ ಎಲ್ಲ ಸೇರಿದ ವಾಸನೆ ಲಂಗಕ್ಕೆ ಅಂಟಿ ಮನೆಗೆ ಬರುತ್ತಿತ್ತು. ಒಂದು ದಿನ ನೆಲದ ಮೇಲಿದ್ದ ಹಳೆಯ ಬಿಲ್ಲನ್ನು ನಾನು ದಾಟಹೊರಟಾಗ ಅಜ್ಜ ಕೂಗಿದ: “ಏ ತಡೀ ತಡೀ! ಹೆಣ್ಮಕ್ಳು ಬಿಲ್ಲ ದಾಟಬಾರದು.”

“ದಾಟಿದ್ರ ಏನಾಗ್ತದ್ರಿ?”

“ಬಾಣ ಗುರಿ ತಪ್ತದ.”

“ಯಾರು ಹೇಳ್ಯಾರ?”

“ನಮ್ಮಪ್ಪ ಹೇಳ್ಯಾನ.”

“ದುರ್ಗಿ ದಾಟ್ಲಿ, ಆಮ್ಯಾಗ ಹೊಡೀಲಿ. ತಪ್ಪಿದ್ರ ನೀವು ಖರೆ, ಬಡದ್ರ ನಾ ಖರೆ.”

ಅಜ್ಜ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬಿಲ್ಲನ್ನು ಅಂಗಳದ ನಡುವಿಗೆ ಸರಿಸಿಟ್ಟು, “ದಾಟಬೇ ದುರ್ಗಿ,” ಎಂದ. ದುರ್ಗಿ ಕುಂಟಾಬಿಲ್ಲೆ ಆಡುವಂತೆ ಮೂರು ಸಲ ಅತ್ತ ಇತ್ತ ಜಿಗಿದಳು. ಆಮೇಲೆ ಐದು ಬಾಣ ಬಿಟ್ಟಳು. ಐದೂ ಗೋಣಿಯ ನಡುವಿಗೆ. ಅಜ್ಜ ಗಡ್ಡ ಕೆರೆದುಕೊಂಡು ನಕ್ಕ. “ಸೋತೆ ನೋಡವ್ವಾ. ನಮ್ಮಪ್ಪಂದು ಸುಳ್ಳಾತು.”

ದೊಡ್ಡವರೊಬ್ಬರು ಹೀಗೆ ಸೋಲೊಪ್ಪಿದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಅದನ್ನು ಅವನ ದೊಡ್ಡತನ ಎಂದು ತಿಳಿಯದೆ ನನ್ನ ಗೆಲುವು ಎಂದು ತಿಳಿದೆ. ಅಜ್ಜನ ಅಪ್ಪ ಹೇಳಿದ್ದು ಒಂದು ಸುಳ್ಳಾದರೆ ಉಳಿದದ್ದೂ ಸುಳ್ಳೇ ಎಂದು ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟೆ.

ಸಂಕ್ರಾಂತಿ ಮುಗಿದ ವಾರ ಮೂರು ಬಿಲ್ಲು ಸಿದ್ಧವಾದವು. ಮೂರೂ ಒಂದೇ ಬಿದಿರಿನವು. ಅಜ್ಜ ಅವುಗಳನ್ನು ತಗಡಿಗೆ ಆನಿಸಿ ನಿಲ್ಲಿಸಿ, “ಆರಿಸ್ಕೋ,” ಎಂದ. “ಬಿಲ್ಲಂದ್ರ ಆಳೆತ್ತರ, ಮ್ಯಾಲ ಒಂದ್ ಗೇಣು. ಮೂರೂ ಅಷ್ಟೇ ಅವ. ಉಳದದ್ದು ನೀ ನೋಡು.”

ನಾನಾಗಿದ್ದರೆ ಎರಡನೆಯದನ್ನು ಎತ್ತಿಕೊಳ್ಳುತ್ತಿದ್ದೆ. ಹಳದಿ ಬಣ್ಣ, ನೆಟ್ಟಗೆ, ನುಣುಪು. ಅಜ್ಜ ನನ್ನ ಕಣ್ಣು ಹೋದ ಕಡೆ ನೋಡಿ, “ಬಣ್ಣ ನೋಡಬ್ಯಾಡ್ರಿ, ಮದುವಿ ಮಾಡ್ಕೊಳ್ಳಾದಿಲ್ಲ,” ಎಂದ. ದುರ್ಗಿ ಒಂದೊಂದಾಗಿ ಕೈಗೆ ತೆಗೆದುಕೊಂಡಳು. ಬಿಲ್ಲಿನ ಬೆನ್ನ ಮೇಲೆ, ಅಂದರೆ ಬಿದಿರಿನ ಹೊರಮೈಯ ಮೇಲೆ, ಕಣ್ಣು ಮುಚ್ಚಿ ಹೆಬ್ಬೆರಳು ಹಾಯಿಸಿದಳು. ಹೆದೆ ಏರಿಸಿ ನಿಧಾನ ಎಳೆದಳು. ಅಜ್ಜ ದೂರ ನಿಂತು ಹೇಳುತ್ತಿದ್ದ: “ಎರಡೂ ತೋಳು ಸಮ ಬಾಗ್ತಾವೇನು ನೋಡು. ಈಗ ಕಿವಿ ಕೊಡು. ಛಲೋ ಬಿಲ್ಲು ಬಾಗುವಾಗ ಸುಮ್ನಿರ್ತದ. ಚಿಟಿ ಚಿಟಿ ಅಂತಂದ್ರ, ನಾ ಮುರೀತೀನಿ ಅಂತ ಹೇಳ್ಲಕತ್ತದ ಅಂತ ತಿಳ್ಕೋ. ಅವಾಗ ಬಾಣ ಬಿಡಬ್ಯಾಡ, ಕೆಳಗಿಳಸು.”

ಅವಳು ಆರಿಸಿದ್ದು ಮೂರನೆಯದನ್ನು. ಹೊಗೆ ಹಿಡಿದು ಕಂದಾದದ್ದು. ಕಬ್ಬಿನ ಜಲ್ಲೆಯ ಹಾಗೆ ಗೆಣ್ಣುಗಳು ಉಬ್ಬಿ ನಿಂತದ್ದು. ನನಗೆ ಮುಖ ಸಿಂಡರಿಸುವಷ್ಟು ಕುರೂಪ. ಅಜ್ಜ ಮಾತ್ರ ತಲೆದೂಗಿದ. “ನಿನ್ ಕೈಗಿ ತಿಳದದ. ಒಂದೇ ಮಾತು, ಗೆಣ್ಣು ಮುಟ್ಟಬ್ಯಾಡ. ಎಂದೂ ಗೆಣ್ಣಿಗಿ ಕತ್ತಿ ಹಚ್ಚಬ್ಯಾಡ.”

“ಯಾಕ್ರಿ ಅಜ್ಜಾ?” ಎಂದೆ.

“ಅದು ಹಂಗೇ ಅದವ್ವಾ. ನಮ್ಮಪ್ಪ ಹೇಳ್ಯಾನ.”

ಮತ್ತೆ ಅದೇ ಅಪ್ಪ. ನಾನು ಒಳಗೊಳಗೇ ನಕ್ಕೆ.

ಶಾಲೆಯ ಬಯಲಿಗೆ ಅಂಗಡಿಯ ಬಿಲ್ಲು ಹಿಡಿದ ಹುಡುಗರೂ ಅಭ್ಯಾಸಕ್ಕೆ ಬರುತ್ತಿದ್ದರು. ಅವರಲ್ಲಿ ಒಬ್ಬ, “ಏ, ಹೀ ಕಾಠೀ ಕಶಾಲಾ? ಮ್ಹಶೀ ಹಾಕಾಯಲಾ?” ಎಂದ. ಎಮ್ಮೆ ಹೊಡೆಯುವ ಕೋಲೇ ಅದು ಎಂದು ಅವನ ಕುಹಕ. ದುರ್ಗಿ, “ಹೂಂ, ನಿನ್ನನ್ನೇ ಮೊದಲು ಹೊಡೆಯಲು,” ಎಂದು ಮರಾಠಿಯಲ್ಲೇ ತಿರುಗಿ ಕೊಟ್ಟು ನಕ್ಕಳು. ನನಗೆ ನಗು ಬರಲಿಲ್ಲ. ಅವಮಾನವಾದದ್ದು ಅವಳಿಗಲ್ಲ, ಅವಳ ಪಕ್ಕ ನಿಂತಿದ್ದ ಗುಮಾಸ್ತರ ಮಗಳಿಗೆ.

ಆಯ್ಕೆಗೆ ನಾಲ್ಕು ದಿನ ಇರುವಾಗ, ಭಾನುವಾರ ಮಧ್ಯಾಹ್ನ, ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಅವಳನ್ನು ಕೂರಿಸಿಕೊಂಡೆ. ನನ್ನ ಹತ್ತಿರ ಒಡೆದ ಗಾಜಿನ ಚೂರು, ಪಾಲಿಶ್ ಪೇಪರು, ಅವ್ವನ ಕೊಬ್ಬರಿ ಎಣ್ಣೆ ಇದ್ದವು.

“ಅಜ್ಜ ಬ್ಯಾಡ ಅಂದಾನ,” ಎಂದಳು ದುರ್ಗಿ.

“ಪಣ್ ಯಾಕ ಅಂದಾರ?” ಎಂದೆ. ‘ಆದರೆ’ ಎಂಬುದು ನನ್ನ ಬಾಯಲ್ಲಿ ಯಾವಾಗಲೂ ಮರಾಠಿಯ ‘ಪಣ್’.

“ಗೊತ್ತಿಲ್ಲ.”

“ಬಿಲ್ಲು ದಾಟಬ್ಯಾಡ ಅಂತನೂ ಅಂದಿದ್ರು. ದಾಟಿದಿ. ಏನಾತು?”

“ಏನೂ ಆಗ್ಲಿಲ್ಲ.”

“ಮತ್ತ? ಕಾರಣ ಇದ್ರ ಹೇಳ್ತಿದ್ರು. ಹೇಳಿಲ್ಲ ಅಂದ್ರ ಕಾರಣಾನೇ ಇಲ್ಲ.”

ದುರ್ಗಿ ಬಿಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ಗೆಣ್ಣು ಸವರುತ್ತ ಕೂತಿದ್ದಳು. ಅವಳ ಬೆರಳಿಗೆ ಏನೋ ತಿಳಿದಿತ್ತು, ಬಾಯಿಗೆ ಅದು ಬರಲಿಲ್ಲ. ಚರ್ಚೆಯಲ್ಲಿ ಇಂಥವರನ್ನು ಸೋಲಿಸುವುದು ಎಲ್ಲಕ್ಕಿಂತ ಸುಲಭ.

“ನಿನ್ನ ಜೋಡಿ ಮಾತಾಡಿ ಗೆದ್ದವರು ಯಾರದಾರ, ತಗೋ,” ಎಂದು ಬಿಲ್ಲು ಮುಂದೆ ಚಾಚಿದಳು.

ನಾನೇ ಕೆರೆದೆ. ಗೆಣ್ಣು ಗೆಣ್ಣನ್ನೂ ಚಪ್ಪಟೆ ಮಾಡಿದೆ. ಬಿಳಿಯ ಪುಡಿ ನನ್ನ ಲಂಗದ ತುಂಬ ಉದುರಿತು. ಎಣ್ಣೆ ಹಚ್ಚಿದಾಗ ಬಿಲ್ಲು ಅಂಗಡಿಯದರಂತೆ ಹೊಳೆಯಿತು. ದುರ್ಗಿಗೂ ಇಷ್ಟವಾಯಿತು. ಎರಡು ದಿನ ಬಾಣಗಳು ಎಂದಿನಂತೆ ನೆಟ್ಟಗೆ ಹೋದವು. ಅಜ್ಜನ ಕಣ್ಣಿಗೆ ಬೀಳಬಾರದೆಂದು ಬಿಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟಳು.

ಅಜ್ಜನಿಗೆ ರಜೆ ಸಿಗಲಿಲ್ಲ. ನಮ್ಮಿಬ್ಬರನ್ನೂ ಅಪ್ಪ ರೈಲಿನಲ್ಲಿ ಕರೆದುಕೊಂಡು ಹೋದ. ಔರಂಗಾಬಾದಿನ ಆ ಬಯಲಿನಲ್ಲಿ ಸುಣ್ಣದ ಗೆರೆ, ಪ್ಲಾಸ್ಟಿಕ್ ಕುರ್ಚಿಗಳು, ಅರವತ್ತು ಎಪ್ಪತ್ತು ಮಕ್ಕಳು. ದುರ್ಗಿಯ ಮೊದಲ ಬಾಣ ಒಳವೃತ್ತಕ್ಕೆ ಬಿತ್ತು. ಎರಡನೆಯದೂ. “ಶಾಬ್ಬಾಸ್ ಕೂಸ!” ಎಂದು ಅಪ್ಪ ಎದ್ದು ನಿಂತ. ಮೂರನೆಯದನ್ನು ಎಳೆಯುವಾಗ ನನಗೆ ಕೇಳಿಸಿತು. ಚಿಟಿ.

ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ನಾನು ಗೆರೆಯಿಂದ ಹತ್ತು ಹೆಜ್ಜೆ ದೂರದಲ್ಲಿದ್ದೆ. ಅಜ್ಜ ಹೇಳಿದ್ದು ನೆನಪಾಯಿತು. ‘ದುರ್ಗಿ, ಕೆಳಗಿಳಸು’ ಎಂದರೆ ಸಾಕಿತ್ತು. ನನ್ನ ತಲೆ ಅಷ್ಟರಲ್ಲಿ ವಾದಕ್ಕೆ ನಿಂತಿತ್ತು: ಯಾರದೋ ಚಪ್ಪಲಿ ಕಲ್ಲಿನ ಮೇಲೆ ಸರಿದಿರಬಹುದು, ಎರಡು ದಿನ ಏನೂ ಆಗಿಲ್ಲವಲ್ಲ, ಈಗ ನಿಲ್ಲಿಸಿದರೆ ಅವಳ ಬಾಣ ದಂಡವಾಗುತ್ತದೆ. ಮೂರೂ ಒಳ್ಳೆಯ ಅಂಶಗಳೇ. ಮೂರನೆಯ ಬಾಣ ಹೋಯಿತು. ನಾಲ್ಕನೆಯದಕ್ಕೆ ಅವಳು ಪೂರಾ ಎಳೆದಳು.

ಒಣ ಕಟ್ಟಿಗೆ ಸೀಳಿದಂಥ ಸದ್ದು. ಬಿಲ್ಲಿನ ಮೇಲಿನ ತೋಳು ಗೆಣ್ಣಿಗೆ ಸರಿಯಾಗಿ ಮುರಿದು, ಸೀಳು ಹಾರಿ ಅವಳ ಕಣ್ಣ ಕೆಳಗೆ ಗೀರಿತು. ಅಪ್ಪ ಕರವಸ್ತ್ರ ಹಿಡಿದು ಓಡಿದ. ಕಣ್ಣು ಉಳಿಯಿತು. ಆಯ್ಕೆಯವರು ಕೆಟ್ಟವರಲ್ಲ, ಬೇರೆಯವರ ಬಿಲ್ಲು ಕೊಡಿಸಿದರು. ಊದಿದ ಕಣ್ಣು, ಗುರುತಿಲ್ಲದ ಬಿಲ್ಲು. ಬಾಣಗಳು ಹುಲ್ಲಿಗೆ ಹೋಗಿ ಬಿದ್ದವು. ಸಂಜೆ ಓದಿದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಮರುದಿನ ಶೆಡ್ಡಿನ ಮುಂದೆ ಅಜ್ಜ ಮುರಿದ ತುಂಡನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳು ಹಾಯಿಸಿದ. ಬೆರಳು ಗೆಣ್ಣಿದ್ದ ಜಾಗಕ್ಕೆ ಬಂದು ನಿಂತಿತು.

“ಇದನ್ ಯಾರು ಕೆರದಾರ?”

ನಾನು ಬಾಯಿ ತೆರೆಯುವ ಮೊದಲೇ ದುರ್ಗಿ, “ನಾನೇ. ಚಂದ ಕಾಣ್ಲಿ ಅಂತ,” ಎಂದಳು.

ನಾನು ಬಾಯಿ ತೆರೆಯುತ್ತಿದ್ದೆ ಎಂಬುದಕ್ಕೂ ಸಾಕ್ಷಿಯಿಲ್ಲ ಬಿಡಿ.

ಅಜ್ಜ ಬೈಯಲಿಲ್ಲ. ಉಗುರಿನಿಂದ ಸೀಳು ಬಿಡಿಸಿ ನಮಗಿಬ್ಬರಿಗೂ ತೋರಿಸಿದ. “ನೋಡ್ರವ್ವಾ, ನಾರು ಗೆಣ್ಣಿನ ಮ್ಯಾಲ ಏರಿ ಆಕಡಿ ಇಳೀತದ. ಕೆರದಿ ಅಂದ್ರ ನಾರೇ ಕಡದಂಗಾತು. ಮತ್ತ ಬಿಲ್ಲು ಯಾತರ ಮ್ಯಾಲ ನಿಲ್ಲಬೇಕು?” ಆಮೇಲೆ ತನಗೇ ಎಂಬಂತೆ, “ಅವತ್ತೇ ಹಿಂಗ ಬಿಡಿಸಿ ಹೇಳಬೇಕಾಗಿತ್ತು ನಾ,” ಎಂದ.

ಕಾರಣವಿತ್ತು. ಅಷ್ಟು ವರ್ಷ ನನಗಿಂತ ಮೊದಲು ಯಾರೂ ಕೇಳಿರದಿದ್ದರಿಂದ ಅದು ಅವನ ಹೆಬ್ಬೆರಳಲ್ಲೇ ಉಳಿದಿತ್ತು. ತಪ್ಪನ್ನು ಮೊದಲು ಮೊಮ್ಮಗಳು ಹೊತ್ತಳು, ಆಮೇಲೆ ಅಜ್ಜ ಹೊತ್ತ. ನನಗೆ ಹೊರಲು ಏನೂ ಉಳಿಯಲಿಲ್ಲ.

ಮನೆಗೆ ಬರುವಾಗ ಅಪ್ಪ ಕೇಳಿದ: “ನೀ ಯಾಕ ಸುಮ್ನ ಆಗಿದಿ? ನೀ ಸುಮ್ನಿರೋಕಿ ಅಲ್ಲ.” ಹೇಳಿದೆ. ಕೆರೆದದ್ದನ್ನು ಹೇಳಿದೆ, ಚಿಟಿ ಎಂದದ್ದನ್ನು ಹೇಳಲಿಲ್ಲ. ಅಪ್ಪ ದಾರಿಯಲ್ಲೇ ನಿಂತ. “ನಾ ಬಂದು ಹೇಳಾದಲ್ಲ ಇದು. ನೀನೇ ಹೋಗಿ ಹೇಳಬೇಕು.”

ಮೂರು ಸಲ ಹೋದೆ. ಒಂದೊಂದು ಸಲವೂ ಮಾತು ಚೆನ್ನಾಗಿ ಜೋಡಿಸಿಕೊಂಡು ಹೋದೆ. ಒಮ್ಮೆ ಬಿಸಿ ರೊಟ್ಟಿ ತಿಂದು ಬಂದೆ, ಒಮ್ಮೆ ಶಾಲೆಯ ಸುದ್ದಿ ಹೇಳಿ ಬಂದೆ, ಒಮ್ಮೆ ಬಾಗಿಲಿನಿಂದಲೇ ಬಂದೆ. ಮಳೆಗೆ ಮುಂಚೆ ಕೆಲಸ ಮುಗಿಯಿತು. ಲಾರಿ ಬಂತು. ತಗಡು, ಪಾತ್ರೆ, ಚಾಪೆ ಎಲ್ಲ ಏರಿದ ಮೇಲೆ ಅಜ್ಜ ಆ ಎರಡನೆಯ ಬಿಲ್ಲು, ನಾನು ಮೆಚ್ಚಿದ್ದ ಹಳದಿಯದನ್ನು, ನನ್ನ ಕೈಗಿಟ್ಟ. “ನಿನ್ ಎತ್ತರಕ್ಕೂ ಆಗ್ತದ ತಗೋ ವಕೀಲವ್ವಾ. ಗೆಣ್ಣು ಮಾತ್ರ ಗೆಣ್ಣಾಗೇ ಇರ್ಲಿ, ಹಾಂ?”

ದುರ್ಗಿ ಲಾರಿಯ ಮೇಲಿಂದ ಬಗ್ಗಿ ನೋಡಿದಳು. ಕೆನ್ನೆಯ ಗೀರು ಬೆಳ್ಳಗಾಗಿತ್ತು. “ನೀ ಈಗ ಭಾಳ ಮಾತಾಡಂಗೇ ಇಲ್ಲ,” ಎಂದಳು. ಮುಂದಿನ ಕೆಲಸ ಗಂಗಾಪುರದ ಕಡೆ ಎಂದಿದ್ದರು. ಅಲ್ಲಿ ಅವಳನ್ನು ಶಾಲೆಗೆ ಹಾಕಲಿಲ್ಲವಂತೆ, ಬುಟ್ಟಿ ಹೊರಲು ಹಚ್ಚಿದರಂತೆ. ಇಷ್ಟೇ ಸುದ್ದಿ, ಅದೂ ಅವ್ವನಿಗೆ ಇನ್ನಾರಿಂದಲೋ ಸಿಕ್ಕದ್ದು.

ಆಮೇಲೆ ಅಪ್ಪನಿಗೆ ವರ್ಗವಾಗಿ ನಾವು ಔರಂಗಾಬಾದಿಗೇ ಬಂದೆವು. ಈಗ ಅದು ಛತ್ರಪತಿ ಸಂಭಾಜಿನಗರ. ಕಾಲೇಜಿನ ಚರ್ಚೆಗಳಲ್ಲಿ ನಾನು ಗೆದ್ದ ಕಪ್ಪುಗಳು ಕಪಾಟಿನಲ್ಲಿವೆ, ಬಿಲ್ಲು ಬಾಗಿಲ ಹಿಂದಿದೆ. ಹುಳ ಹತ್ತಿಲ್ಲ, ಆದರೂ ಅಮಾವಾಸ್ಯೆಯ ಮಾತನ್ನು ನಾನಿನ್ನೂ ನಂಬುವುದಿಲ್ಲ. ಒಮ್ಮೆಯೂ ಹೆದೆ ಏರಿಸಿಲ್ಲ. ಪಕ್ಕದಲ್ಲಿ ನಿಂತರೆ ಬಿಲ್ಲೂ ನಾನೂ ಸರಿಸಮ. ತಲೆಯ ಮೇಲೆ ಅಜ್ಜ ಬಿಟ್ಟಿದ್ದ ಆ ಒಂದು ಗೇಣು ನಾನು ಬೆಳೆದಂತೆ ಹೋಗಿದೆ.

ಗೆಣ್ಣು ಕೆರೆದದ್ದು ನಾನೆಂದು ಅಜ್ಜನಿಗೆ ತಿಳಿದಿತ್ತೇ? ಬಿಲ್ಲು ಕೊಡುವಾಗ ಎಲ್ಲರಿಗೂ ಹೇಳುವ ಮಾತನ್ನೇ ನನಗೂ ಹೇಳಿದ ಎಂದು ವಾದಿಸಬಲ್ಲೆ. ತಿಳಿದೇ ಹೇಳಿದ ಎಂದೂ ವಾದಿಸಬಲ್ಲೆ. ಯಾವ ಕಡೆ ನಿಂತರೂ ಗೆಲ್ಲುತ್ತೇನೆ, ಅಷ್ಟು ತರಬೇತಿಯಾಗಿದೆ.

ಕನ್ನಡದ ಓದುಬರಹವನ್ನು ನಾನು ದೊಡ್ಡವಳಾದ ಮೇಲೆ ಹಠ ಹಿಡಿದು ಅವ್ವನಿಂದ ಕಲಿತೆ. ಹಣಮಂತಜ್ಜನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ದುರ್ಗಿ ಐದು ಶಾಲೆಗಳಲ್ಲಿ ಕಲಿತದ್ದು ಮರಾಠಿ ಅಕ್ಷರ. ದುರ್ಗಿ, ಕೆರೆದವಳು ನಾನು, ಚಿಟಿ ಎಂದದ್ದೂ ನನಗೆ ಕೇಳಿಸಿತ್ತು. ಇದನ್ನು ಇಷ್ಟು ವರ್ಷದ ಮೇಲೆ, ಅವರಿಬ್ಬರೂ ಓದಲಾರದ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ. ಇದೂ ತಪ್ಪಿಸಿಕೊಳ್ಳುವ ಜಾಣತನವೇ ಎಂದು ಯಾರಾದರೂ ವಾದಿಸಿದರೆ, ಅಜ್ಜನ ಹಾಗೆ ಸೋಲೊಪ್ಪುತ್ತೇನೆ.