ಬಸ್ಸಿನ ಸುದ್ದಿ ಬಸ್ಸಿಗಿಲ್ಲ

ಬೆಳಿಗ್ಗೆ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ರೌಟರ್ ಒಂದು ಕೈಗೆ ಬಂತು. ಮೂಸಿ ನೋಡಿದೆ, ಕಾದ ಧೂಳಿನ ವಾಸನೆ. ನಗಬೇಡಿ, ಒಂದು ಕಾಲಕ್ಕೆ ಇಂಥ ಪೆಟ್ಟಿಗೆಗಳಿಗೆ ದಾರಿ ಕಲಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಯಾವ ಊರು ಎಷ್ಟು ದೂರ ಎಂಬುದನ್ನು ಇವು ಪಕ್ಕದ ಪೆಟ್ಟಿಗೆಯ ಮಾತು ನಂಬಿಯೇ ತಿಳಿಯುತ್ತವೆ. ಅದಕ್ಕೊಂದು ನೇಮವಿದೆ, ಸ್ಪ್ಲಿಟ್ ಹೊರೈಝನ್: ಸುದ್ದಿ ಬಂದ ಬಾಗಿಲಿಗೇ ಆ ಸುದ್ದಿಯನ್ನು ತಿರುಗಿ ಹೇಳಬಾರದು. ಪುಸ್ತಕದಲ್ಲಿ ನಾನದನ್ನು ಓದುವ ಮೊದಲೇ ಗಂಗಕ್ಕ ಪಾಲಿಸುತ್ತಿದ್ದಳು.

ಎಂಬತ್ತರ ದಶಕ. ನವಲಗುಂದದ ಕಡೆ ನನಗೆ ಟೆಲಿಫೋನ್ ತಂತಿ ಕಾಯುವ ಕೆಲಸ. ಬಸ್ಸು ನಿಲ್ಲುವ ಕ್ರಾಸಿನಲ್ಲಿ ಗಂಗಕ್ಕನ ಚಹಾದಂಗಡಿ. ಎರಿಮಣ್ಣಿನ ಸೀಮೆ, ನೆಂದರೆ ಗಾಲಿ ಹೂಳುವ ಕಪ್ಪು ಮಣ್ಣು. ಮಳೆಯಾದರೆ ಯಾವ ದಾರಿ ಉಳಿದಿದೆ ಎಂದು ಎಲ್ಲರೂ ಅವಳನ್ನೇ ಕೇಳಬೇಕು. ಹಿಂದೊಮ್ಮೆ ಗಾಡಿಯ ಬಸಪ್ಪ ಯಮನೂರ ದಾರಿ ಇದೆ ಎಂದು ಹೇಳಿ ಹೋಗಿದ್ದ. ಮರುದಿನ ಅದು ಮುಚ್ಚಿತು. ಮುಚ್ಚಿದ್ದನ್ನು ಕಂಡು ಅವನು ಬಂದು ವಿಚಾರಿಸಿದರೆ ಅಕ್ಕ ಅವನ ಮಾತನ್ನೇ ಅವನಿಗೆ ಒಪ್ಪಿಸಿದಳು: "ದಾರಿ ಐತಿ ಹೋಗಪಾ." ಇವಳಿಗೆ ಬೇರೆ ದಾರಿ ಗೊತ್ತಿರಬೇಕೆಂದು ನಂಬಿದ ಬಸಪ್ಪ ದಿನವಿಡೀ ಕೆಸರಿನಲ್ಲಿ ಗಾಡಿ ಸುತ್ತಿಸಿದ. ಅಂದಿನಿಂದ ಅವಳ ಕಾಯ್ದೆ: ತಂದವರಿಗೆ ಅವರ ಸುದ್ದಿ ಇಲ್ಲ, ಬಸ್ಸಿನಿಂದ ಬಂದ ಸುದ್ದಿ ಬಸ್ಸಿಗೂ ಇಲ್ಲ.

ಒಂದು ಮುಂಜಾನೆ ನಾನು ಅಂಗಡಿಯಲ್ಲಿ ಚಹಾಕ್ಕೆ ಕಾದಿದ್ದಾಗ ಯಮನೂರಿನ ಮುದುಕಿಯೊಬ್ಬಳು ಬಸ್ಸಿಳಿದು, "ಹಳ್ಳ ಬಂದೈತಿ ತಂಗಿ, ಗಾಡಿದಾರಿ ಕೊಚ್ಚಿಕೊಂಡು ಹೋತು" ಎಂದು ಹೇಳಿ ನಡೆದಳು. ಬಸ್ಸಿನ ಕಿಟಕಿಯಿಂದ ತಿರ್ಲಾಪುರದ ನಿಂಗಪ್ಪ ಕೂಗಿದ:

"ಗಂಗಕ್ಕಾ, ಯಮನೂರ ದಾರಿ ಹ್ಯಾಂಗೈತಿ? ಮನ್ಯಾಕೀಗೆ ದಿನಾ ತುಂಬ್ಯಾವು, ಮಧ್ಯಾಹ್ನ ಗಾಡ್ಯಾಗ ತವರಿಗೆ ಬಿಡಬೇಕು."

"ಬಸ್ಸಿನ ಸುದ್ದಿ ಬಸ್ಸಿನವರಿಗೆ ಹೇಳಂಗಿಲ್ಲೋ ನಿಂಗ್ಯಾ. ಬಾಜೂದವರನ್ನ ಕೇಳು."

ಬಸ್ಸು ಹೊರಟಿತು. ಚಹಾ ಸೋಸುತ್ತಿದ್ದ ಅಕ್ಕನ ಕೈ ನಿಂತಿತು. "ಅಯ್ಯ ಶಿವನ! ಆ ಮುದುಕಿ ಇಲ್ಲೇ ಇಳದ್ಲಲ್ಲ, ಒಳಗ ಇನ್ನ ಯಾರಿಗೆ ಗೊತ್ತೈತಿ? ಓಡಲೇ, ತಂತಿ ಸಾಹೇಬಾ!"

ಸಾಹೇಬ ಓಡಿದ, ಕೆಸರಿನಲ್ಲಿ ಅಂಗಾತ ಬಿದ್ದ. ಅಕ್ಕ ಸೀರೆ ಎತ್ತಿ ಕಟ್ಟಿ ನನ್ನನ್ನು ದಾಟಿ ಓಡಿ, ಬಸ್ಸಿನ ಬೆನ್ನು ಬಡಿದು ನಿಲ್ಲಿಸಿದಳು.

"ನಿನ್ನ ಕಾಯ್ದೆ ಎಲ್ಲಿ ಹೋತಬೇ?" ನಿಂಗಪ್ಪ ನಕ್ಕ.

"ಐತಿ! ಬಸ್ಸು ಒಂದಾದ್ರ ಊರು ಒಂದಾಗತಾವೇನಲೇ? ಯಮನೂರಿನ ಸುದ್ದಿ ಹೇಳಬಾರದ್ದು ಯಮನೂರವ್ರಿಗಷ್ಟ. ನಿನಗ ಐತಿ, ಕೇಳು: ಹಳ್ಳ ಬಂದೈತಿ. ಆಕೀನ್ನ ಗಾಡ್ಯಾಗ ಕುಂಡ್ರಸಬ್ಯಾಡ."

ನಿಂಗಪ್ಪನ ನಗು ಇಳಿಯಿತು. ಕೂಸು ತಿರ್ಲಾಪುರದಲ್ಲೇ ಹುಟ್ಟಿತು, ಸುಖವಾಗಿ.

ಮುಂದೆ ನಾನು ಪೆಟ್ಟಿಗೆಗಳ ಕೆಲಸಕ್ಕೆ ಬಂದಾಗ ಫ್ರೇಮ್ ರಿಲೇ ಎಂಬ ಜೋಡಣೆ ಬಂತು. ಒಂದೇ ತಂತಿಯಲ್ಲಿ ಹಲವು ಊರು, ಒಂದೇ ಬಾಗಿಲು. ನೇಮ ಪಾಲಿಸುತ್ತ ನಡುವಿನ ಪೆಟ್ಟಿಗೆ ಮೂಗನಂತೆ ಕೂತುಬಿಟ್ಟಿತು. ಒಂದು ಊರಿನ ದಾರಿ ಇನ್ನೊಂದಕ್ಕೆ ತಿಳಿಯದು. ನೇಮವನ್ನೇ ತೆಗೆದುಹಾಕಿ ಎಂದರು ಕೆಲವರು. ನಾನು ಗಂಗಕ್ಕನ ಮಾತು ನೆನೆದು ಆ ಒಂದೇ ತಂತಿಯೊಳಗೆ ಊರಿಗೊಂದು ಬಾಗಿಲು ಮಾಡಿಕೊಟ್ಟೆ. ಮಾತು ಹರಿಯಿತು, ಬೆನ್ನೂ ತಟ್ಟಿಸಿಕೊಂಡೆ.

ಇಷ್ಟು ವರ್ಷ ಗಂಗಕ್ಕನ ಜಾಣ್ಮೆಯನ್ನೇ ಹೊಗಳುತ್ತ ಬಂದಿದ್ದೆ. ಇವತ್ತು ಧೂಳು ಒರೆಸುವಾಗ ಹೊಳೆಯಿತು: ಅವಳು ಕಾಯ್ದೆ ತಿದ್ದಿದ್ದು ಬಸ್ಸು ನಿಂತ ಮೇಲೆ. ಓಡಿದ್ದು ಮೊದಲು.

ನೇಮವಷ್ಟೇ ಬಲ್ಲ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ.