ಯಾರದೋ ಕನ್ನಡಕದಲ್ಲಿ ಏಳು ತಿಂಗಳು

ವೃದ್ಧಾಶ್ರಮದ ದಾಖಲೆಯಲ್ಲಿ ಆಕೆಯ ಹೆಸರಿನ ಮುಂದೆ 'ಬುದ್ಧಿ ಮಂಕಾಗಿದೆ' ಎಂದು ಬರೆದಾಗ ನಿಜವಾಗಿ ಆಗಿದ್ದು ಇಷ್ಟೇ: ಕಿವಿ ಮಷೀನಿನ ಬ್ಯಾಟರಿ ಸತ್ತಿತ್ತು, ಮೂಗಿನ ಮೇಲೆ ಬೇರೆ ಯಾರದೋ ಕನ್ನಡಕ ಕೂತಿತ್ತು.

ಇಪ್ಪತ್ತೊಂಬತ್ತು ವರ್ಷ ಆಕೆ ಬಟ್ಟೆ ಕಾರ್ಖಾನೆಯ ಚೆಕಿಂಗ್ ಟೇಬಲ್ ಮುಂದೆ ನಿಂತವಳು. ಹೊಲಿದು ಬಂದ ಅಂಗಿಯನ್ನು ಒಳಗು ಹೊರಗು ಮಾಡಿ ನೋಡುವುದು, ಒಂದು ಹೊಲಿಗೆ ತಪ್ಪಿದ್ದರೂ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಎಸೆಯುವುದು. ಮೇಸ್ತ್ರಿಯ ಮುಲಾಜಿಗೂ ಬಿದ್ದವಳಲ್ಲ. ಹೊಲಿಯುವ ಹೆಂಗಸರು ಎದುರಿಗೇ 'ಹದ್ದಿನಕಣ್ಣು' ಎನ್ನುತ್ತಿದ್ದರು. ಅಲ್ಲಿನ ಮಷೀನುಗಳ ಸದ್ದೇ ಆಕೆಯ ಕಿವಿ ತಿಂದಿತು. ಮದುವೆ ಆಗಲಿಲ್ಲ, ತೀರಿಹೋದ ತಂಗಿಯ ಮಗಳನ್ನು ಸಾಕಿ ಬೆಳೆಸಿದಳು. ಆ ಹುಡುಗಿ ಈಗ ಬಸ್ ಓಡಿಸುತ್ತಾಳೆ. ಸೊಂಟದ ಮೂಳೆ ಮುರಿದ ಮೇಲೆ, "ನಿನ್ನ ಡ್ಯೂಟಿ ಬಿಟ್ಟು ನನ್ನ ಕಾಯ್ತೀಯಾ?" ಎಂದು ಗದರಿ, ಹದ್ದಿನಕಣ್ಣು ತಾನಾಗೇ ಆಶ್ರಮ ಸೇರಿದಳು.

ಅಲ್ಲಿ ಸೋಮವಾರ ಕನ್ನಡಕ ತೊಳೆಯುವ ದಿನ. ಒಂದು ಪ್ಲಾಸ್ಟಿಕ್ ಟಬ್ಬು, ಸೋಪಿನ ನೀರು, ಇಪ್ಪತ್ತಾರು ಕನ್ನಡಕ. ತೊಳೆದು ಒರೆಸಿ, ಕೈಗೆ ಸಿಕ್ಕಿದ್ದನ್ನು ಎದುರಿಗೆ ಸಿಕ್ಕವರಿಗೆ ಏರಿಸುವುದು.

"ಇದು ನಂದಲ್ಲ" ಎಂದಳು ಆಕೆ.

"ನಿಮ್ಮದೇ ಅಜ್ಜಿ, ಹಾಕ್ಕೊಳ್ಳಿ" ಎಂದಳು ಆಯಾ. ಅದು ಆಕೆಗೆ ಕೇಳಿಸಲಿಲ್ಲ. ತುಟಿ ನೋಡಿ ತಿಳಿಯೋಣವೆಂದರೆ ಮುಖವೇ ಕಲಸಿಹೋಗಿತ್ತು. ತನ್ನದಲ್ಲವೆಂದು ಮತ್ತೆ ಮತ್ತೆ ಹೇಳಿದಳು. ನಾಲ್ಕನೆಯ ಸಲ ಕನ್ನಡಕ ಕಿತ್ತು ಎಸೆದಳು. 'ಸಿಟ್ಟು ಜಾಸ್ತಿ' ಎಂದು ಅದನ್ನೂ ಬರೆದುಕೊಂಡರು.

ಡಾಕ್ಟರು ಬಂದವರು ಬಾಗಿಲ ಹತ್ತಿರವೇ ನಿಂತು, "ಇವತ್ತು ಯಾವ ವಾರ?" ಎಂದು ಕೇಳಿದರು. ಆಕೆಗೆ ಕಂಡದ್ದು ಅಲ್ಲಾಡುವ ಒಂದು ಬಿಳಿ ಕಲೆ. ಏನೋ ಕೇಳಿರಬೇಕು ಎಂದುಕೊಂಡು, "ಊಟ ಆಯ್ತು" ಎಂದಳು. ಅಷ್ಟು ಸಾಕಾಯಿತು. ಮರುದಿನವೇ ಹಿಂದಿನ ಕೋಣೆಗೆ, ತಲೆ ಸರಿಯಿಲ್ಲವೆಂದು ಬರೆಸಿಕೊಂಡ ಇನ್ನೈದು ಜನರ ಜೊತೆ ಹಾಕಿದರು. ಆ ಕೋಣೆಗೆ ಚಿಲಕ ಹೊರಗಿನಿಂದ.

ಸಾಕಿದ ಮಗಳೂ ನಂಬಿದಳು. ತಿಂಗಳಿಗೊಮ್ಮೆ ಬಂದು, ಕೈ ಹಿಡಿದು ಕೂತು, ಅತ್ತು ಹೋಗುತ್ತಿದ್ದಳು. ಕನ್ನಡಕದ ಮಾತು ಬಂದರೆ ಪಾಪ, ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಳ್ಳುತ್ತಿದ್ದಳು. ಏಳನೆಯ ತಿಂಗಳು ತಲೆ ಬಾಚುವಾಗ ಕಿವಿ ಮಷೀನು ಕೈಗೆ ಬಂತು. ತೂತಿನ ತುಂಬ ಗುಗ್ಗೆ. ಮುಚ್ಚಳ ತೆರೆದರೆ ಬ್ಯಾಟರಿಗೆ ಹಸಿರು ಕಿಲುಬು ಹಿಡಿದಿತ್ತು. ಗುಗ್ಗೆ ಕೆದಕಿ ತೆಗೆದು, ರಸ್ತೆಯಾಚೆಯ ಅಂಗಡಿಗೆ ಓಡಿ ಹೊಸ ಬ್ಯಾಟರಿ ತಂದು ಹಾಕಿದಳು.

"ದೊಡ್ಡಮ್ಮ! ಕೇಳ್ತಿದೆಯಾ?"

"ಕಿರುಚಬೇಡ, ಕೇಳ್ತಿದೆ. ಈ ಕನ್ನಡಕ ನಂದಲ್ಲ ಕಣೇ. ಏಳು ತಿಂಗಳಿಂದ ಬಡ್ಕೊಳ್ತಿದೀನಿ."

ಮಗಳು ಆಫೀಸಿನತ್ತ ನುಗ್ಗಿದಳು. ದೊಡ್ಡಮ್ಮ ಸೆರಗು ಹಿಡಿದು ನಿಲ್ಲಿಸಿದಳು. "ಮೊದಲು ಕನ್ನಡಕ. ಜಗಳ ಎಲ್ಲಿಗೂ ಓಡಿಹೋಗಲ್ಲ."

ಕೋಲೂರಿಕೊಂಡು ಹಜಾರಕ್ಕೆ ಬಂದಳು. ಒಬ್ಬೊಬ್ಬರ ಕನ್ನಡಕ ತೆಗೆಸಿ, ಬೇರೆಯದು ಹಾಕಿಸಿ, ಕೈಗೆ ಪೇಪರ್ ಕೊಟ್ಟು ಓದಿಸಿದಳು. ಇಪ್ಪತ್ತಾರರಲ್ಲಿ ಹನ್ನೊಂದು ಜನರದ್ದು ಅದಲುಬದಲಾಗಿತ್ತು. ಆಕೆಯದು ನಿವೃತ್ತ ಮೇಷ್ಟ್ರ ಮೂಗಿನ ಮೇಲೆ ಸಿಕ್ಕಿತು. "ಪೇಪರಲ್ಲಿ ಓದೋಂಥದ್ದು ಏನೂ ಇರಲ್ಲ ಅಂತ ಬಿಟ್ಟುಬಿಟ್ಟಿದ್ದೆ" ಎಂದರು ಅವರು, ನಾಚಿಕೊಂಡು.

ಅಷ್ಟರಲ್ಲಿ ಮ್ಯಾನೇಜರಮ್ಮ ಬಂದಳು. ಮಗಳನ್ನು ನೋಡಿ, "ನಿಮ್ಮ ಅಜ್ಜಿಗೆ ಈಗ ಸಮಾಧಾನ ಆಯ್ತಾ?" ಎಂದಳು.

"ನನ್ನ ಕೇಳು. ನಾನಿಲ್ಲೇ ನಿಂತಿದೀನಿ."

"ನಾಲ್ಕು ಜನ ಆಯಾಗಳು ಅಜ್ಜಿ, ಎಷ್ಟು ಅಂತ ನೋಡ್ತಾರೆ?"

"ನಾಲ್ಕು ಜನ ಸಾಲಲ್ಲ ಅಂತ ಮೇಲಿನವರಿಗೆ ಬರಿ. ನನಗೆ ತಲೆ ಕೆಟ್ಟಿದೆ ಅಂತ ಯಾಕೆ ಬರ್ದೆ?"

ಡಾಕ್ಟರನ್ನು ಮತ್ತೆ ಕರೆಸಿದರು. ಈ ಸಲ ಆಕೆ ಅವರನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿಕೊಂಡಳು. ವಾರ, ತಾರೀಕು ಹೇಳಿದ್ದಲ್ಲದೆ, ಅವರ ಅಂಗಿಯ ಎರಡನೆಯ ಗುಂಡಿಯ ದಾರ ಬಿಟ್ಟಿದೆ ಎಂದೂ ಹೇಳಿದಳು. ಆದರೂ ಬರೆದಿದ್ದನ್ನು ಹೊಡೆದುಹಾಕುವ ಹಾಗಿಲ್ಲವಂತೆ. ಕೆಳಗೆ 'ಈಗ ಸರಿಯಿದ್ದಾರೆ' ಎಂದು ಇನ್ನೊಂದು ಸಾಲು ಸೇರಿಸಿದರು.

ಮುಂದಿನ ಕೋಣೆಯ ಹಾಸಿಗೆ ವಾಪಸ್ ಸಿಕ್ಕಿತು. ಆಕೆ ಹೋಗಲಿಲ್ಲ. "ಇಲ್ಲಿರೋ ಉಳಿದ ಐದು ಜನರ ಕಣ್ಣು ಕಿವಿ ನೋಡಿಸೋ ತನಕ ಕದಲಲ್ಲ" ಎಂದು ಪಟ್ಟು ಹಿಡಿದಳು. ಹನ್ನೆರಡು ದಿನ ಬೇಕಾಯಿತು. ಇಬ್ಬರಿಗೆ ಇದ್ದದ್ದು ಬರೀ ಕಿವಿಯ ಗುಗ್ಗೆ. ತೆಗೆದ ಮೇಲೆ ಮಾತಿಗೆ ಮಾತು ಕೊಟ್ಟರು. ಇನ್ನೊಬ್ಬ ಹಿಂದೆ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಮುದುಕ. ವರ್ಷದಿಂದ ತಲೆನೋವು, ಮಬ್ಬು ಎನ್ನುತ್ತಿದ್ದವನಿಗೆ ಆಶ್ರಮದವರು ತಲೆನೋವಿನ ಮಾತ್ರೆ ನುಂಗಿಸುತ್ತಿದ್ದರು. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ ತಲೆಯಾಡಿಸಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿಹೋಗಿದೆ. ಆರು ತಿಂಗಳು ಮೊದಲೇ ತೋರಿಸಿದ್ದರೆ ಒಂದು ಕಣ್ಣಾದರೂ ಉಳಿಯುತ್ತಿತ್ತು ಎಂದರು.

"ಏನ್ಮಾಡೋದು, ವಯಸ್ಸು" ಎಂದಳು ಮ್ಯಾನೇಜರಮ್ಮ.

"ವಯಸ್ಸಲ್ಲ, ನೀವು" ಎಂದಳು ಹದ್ದಿನಕಣ್ಣು.

ಅಂದಿನಿಂದ ಇಲಾಖೆಗೆ ದೂರು ಬರೆಯುತ್ತಲೇ ಇದ್ದಾಳೆ. ಒಮ್ಮೆ ಅಲ್ಲಿಂದ ಯಾರೋ ಬಂದು ಟೀ ಕುಡಿದು ಹೋದರು. ಯಾರ ಕೆಲಸವೂ ಹೋಗಲಿಲ್ಲ. ಅಡುಗೆಯವನು ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುವುದನ್ನು ಕಂಡಾಗಲೆಲ್ಲ ಆಕೆಯ ಮೈ ಉರಿಯುತ್ತದೆ.

"ಬಿಟ್ಹಾಕು ದೊಡ್ಡಮ್ಮ, ಬಿಪಿ ಏರುತ್ತೆ" ಎನ್ನುತ್ತಾಳೆ ಮಗಳು.

"ಏರಲಿ" ಎನ್ನುತ್ತಾಳೆ ಆಕೆ. "ಪೆನ್ನು ಕೊಡು."